ಗೋಡೆ ಕಿಂಡಿಯಿಂದ ಬಂದ ರಿಪೇರಿ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಹೆಸರಮ್ಮ ಎಂದೇ ಕರೆಯುತ್ತಿದ್ದರು. ಅಂಗಿಯ ಜೇಬಿನ ಮೇಲೆ, ಕೋಟಿನ ಎದೆಯ ಮೇಲೆ, ಆಸ್ಪತ್ರೆಯ ಆಯಾಗಳ ನೀಲಿ ಮೇಲಂಗಿಯ ಮೇಲೆ ದಾರದಲ್ಲಿ ಹೆಸರು ಹೊಲಿದುಕೊಡುವುದು ಅವಳ ಕಸುಬು. ಊರಿನವರ ಹೆಸರನ್ನೆಲ್ಲ ಹೊಲಿದವಳ ಸ್ವಂತ ಹೆಸರೇನು ಎಂದು ಕೇಳಿದರೆ ಅವಳ ಗಂಡನೂ ಒಂದು ಗಳಿಗೆ ಯೋಚಿಸಿಯೇ ಹೇಳುತ್ತಿದ್ದ. ಅವನು ಅವಳನ್ನು ಕೂಗುತ್ತಿದ್ದುದು ‘ಇವಳೇ’ ಎಂದು.

ಕಾಗುಣಿತದ ವಿಷಯದಲ್ಲಿ ಹೆಸರಮ್ಮ ಬಲು ಕಟ್ಟುನಿಟ್ಟು. ಕೆಲಸದ ಹೊಸತರಲ್ಲಿ, ಗೋದಾಮಿನ ಕಾವಲುಗಾರನೊಬ್ಬನ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿ ಅದು ತರಕಾರಿಯೊಂದರ ಹೆಸರಾಗಿಬಿಟ್ಟಿತ್ತು. ಆ ಪಾಪದ ಮನುಷ್ಯ ನಿವೃತ್ತನಾಗುವ ತನಕ ಗೋದಾಮಿನವರು ಅವನನ್ನು ತರಕಾರಿಯ ಹೆಸರಿನಿಂದಲೇ ಕರೆದರು. ಅಲ್ಲಿಂದ ಮುಂದೆ ಯಾರೇ ಬರಲಿ, ಅವರ ಹೆಸರನ್ನು ಅವರ ಬಾಯಿಂದಲೇ ಅಕ್ಷರ ಅಕ್ಷರವಾಗಿ ಹೇಳಿಸದೆ ಅವಳು ಸೂಜಿಗೆ ದಾರ ಪೋಣಿಸುತ್ತಿರಲಿಲ್ಲ. ಒಬ್ಬ ವಕೀಲರು ತಮ್ಮ ಹೆಸರನ್ನು ತಾವೇ ತಪ್ಪಾಗಿ ಹೇಳಿ, ಹೆಸರಮ್ಮನ ಕೈಯಲ್ಲಿ ತಿದ್ದಿಸಿಕೊಂಡು ಹೋದದ್ದೂ ಉಂಟು.

ಅವಳ ಅಂಗಡಿ ಮತ್ತು ಗಂಡನ ಕ್ಷೌರದಂಗಡಿ ಅಕ್ಕಪಕ್ಕ. ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ ತಲೆ ತೂರುವಷ್ಟು ಅಗಲದ ಒಂದು ಕಿಂಡಿ. ಚಹಾದ ಲೋಟ ದಾಟಿಸುವುದಕ್ಕೆಂದು ಮಾಡಿಸಿದ್ದು. ಆದರೆ ಲೋಟಕ್ಕಿಂತ ಮಾತೇ ಹೆಚ್ಚು ದಾಟುತ್ತಿತ್ತು. ಇವಳ ಕಸೂತಿ ಮಷೀನಿನ ಟಕಟಕ ಅತ್ತ ಹೋಗುತ್ತಿತ್ತು, ಅವನ ಕತ್ತರಿಯ ಕಚಕಚ ಇತ್ತ ಬರುತ್ತಿತ್ತು. ಕನ್ನಡಿಯ ಮುಂದೆ ಕೂತ ಗಿರಾಕಿಗಳು ಆಡುವ ಊರ ಉಸಾಬರಿಯೆಲ್ಲ ಅವಳಿಗೆ ಪುಕ್ಕಟೆ.

ಕಸೂತಿ ಮಷೀನಿಗೆ ಯಾವ ಅಕ್ಷರ, ಯಾವ ಚಿತ್ರ ಹೊಲಿಯಬೇಕೆಂದು ಹೇಳಿಕೊಡುತ್ತಿದ್ದುದು ಮೂಲೆಯ ಮೇಜಿನ ಮೇಲಿದ್ದ ಒಂದು ಹಳೆಯ ಕಂಪ್ಯೂಟರ್. ಅದರ ಬಿಳಿ ಮೈ ಹಳದಿಗೆ ತಿರುಗಿ, ಹಳದಿಯೂ ಮಾಸಿ, ಈಗ ಹಳೆಯ ಹಲ್ಲಿನ ಬಣ್ಣಕ್ಕೆ ಬಂದಿತ್ತು. ಅದನ್ನು ಬಿಡಿ ಸಾಮಾನು ತಂದು ಜೋಡಿಸಿಕೊಟ್ಟವನು ಅವಳ ತಮ್ಮ. ಆಗ ಅವನು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ; ಆಮೇಲೆ ಬೇರೆ ಊರಿಗೆ ಹೋಗಿ ಲಿಫ್ಟ್ ಮೆಕ್ಯಾನಿಕ್ ಆದ. ಹೆಸರಮ್ಮ ವರ್ಷಗಟ್ಟಲೆ ಚುಕ್ಕಿ ಚುಕ್ಕಿ ಇಟ್ಟು ಬಿಡಿಸಿದ ವಿನ್ಯಾಸಗಳೆಲ್ಲ ಅದರ ಹೊಟ್ಟೆಯೊಳಗಿನ ಹಾರ್ಡ್ ಡಿಸ್ಕಿನಲ್ಲಿದ್ದವು. ಬೇರೆಲ್ಲೂ ಇರಲಿಲ್ಲ. ಇರಬೇಕು ಎಂದು ಯಾರಾದರೂ ಹೇಳಿದರೆ ‘ಮಾಡೋಣ, ಮಾಡೋಣ’ ಎನ್ನುತ್ತಿದ್ದಳು. ಡಿಸ್ಕ್ ಕೆಟ್ಟ ಮೇಲೆ ಎಲ್ಲರೂ ಮೊದಲು ನೆನೆಸಿಕೊಳ್ಳುವ ಮಾತು ಅದೇ.

ಈ ಕಂಪ್ಯೂಟರಿನಿಂದಲೇ ಅಕ್ಕ ತಮ್ಮನಿಗೆ ಮಾತು ಬಿಟ್ಟುಹೋಗಿತ್ತು. ಹೋದ ವರ್ಷ ತಾಯಿಯ ಮನೆಯಲ್ಲಿ ಊಟಕ್ಕೆ ಕೂತಾಗ ತಮ್ಮ ಸುಮ್ಮನಿರಲಾರದೆ, “ಅಕ್ಕಾ, ಆ ಡಬ್ಬಾನ ಇನ್ನೂ ಇಟ್ಕೊಂಡಿದೀಯಾ? ಗುಜರಿಯವನಿಗೆ ಹಾಕು ಅತ್ಲಾಗೆ” ಎಂದುಬಿಟ್ಟ.

“ಅದನ್ನ ಜೋಡಿಸಿಕೊಟ್ಟೋನು ನೀನೇ ಅಲ್ವಾ? ಹಾಗಾದ್ರೆ ಅಕ್ಕನಿಗೆ ನೀನು ಕೊಟ್ಟಿದ್ದು ಗುಜರಿನಾ?”

ಇದಕ್ಕೆ ಅವನು ಏನಾದರೂ ಉತ್ತರ ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಅವನು ಬಾಯಿ ತುಂಬ ತುತ್ತು ಇಟ್ಟುಕೊಂಡು ನಕ್ಕ. ಹೆಸರಮ್ಮ ತಟ್ಟೆ ಬಿಟ್ಟು ಎದ್ದು, “ಇನ್ಮೇಲೆ ಅದರ ಸುದ್ದಿಗೆ ನೀನು ಬರಬೇಡ” ಎಂದಳು. ಅವನದೂ ಅದೇ ರಕ್ತ ತಾನೆ. “ಬರಲ್ಲ ಬಿಡು” ಎಂದ. ಅಂದಿನಿಂದ ಇವಳ ಸುದ್ದಿ ಅವನಿಗೆ, ಅವನ ಸುದ್ದಿ ಇವಳಿಗೆ ತಾಯಿಯ ಮೂಲಕವೇ ತಲುಪುತ್ತಿತ್ತು. ವಯಸ್ಸಾದ ಆ ತಾಯಿಗೆ ಕೈತುಂಬ ಕೆಲಸ ಸಿಕ್ಕಿ, ಅವರು ಮೊದಲಿಗಿಂತ ಗಟ್ಟಿಯಾಗಿಯೇ ಇದ್ದರು.

ಹೀಗಿರುವಾಗ ಹೆಸರಮ್ಮನಿಗೆ ಜ್ವರ ಬಂತು. ಅಂಗಡಿಯ ಮೇನ್ ಸ್ವಿಚ್ ಆರಿಸಿ, ಬಾಗಿಲು ಹಾಕಿಕೊಂಡು ಮನೆಯಲ್ಲಿ ಮಲಗಿದಳು. ಜ್ವರ ಬಿಟ್ಟು, ನಾಲಿಗೆಗೆ ರುಚಿ ಬಂದ ಮೇಲೆ ಒಂದು ಬೆಳಗ್ಗೆ ಬಂದು ಬಾಗಿಲು ತೆಗೆದಳು. ಊರಿನ ಬ್ಯಾಂಡ್ ತಂಡದ ಕೋಟುಗಳು ರಾಶಿ ಬಿದ್ದಿದ್ದವು. ಪ್ರತಿ ಕೋಟಿನ ಎದೆಯ ಮೇಲೂ ಒಂದು ತುತ್ತೂರಿ, ಅದರ ಸುತ್ತ ಎಲೆಗಳ ಬಳ್ಳಿ, ಕೆಳಗೆ ತಂಡದ ಹೆಸರು ಬರಬೇಕಿತ್ತು. ಆ ಎಲೆಗಳನ್ನು ಬಿಡಿಸುವುದರಲ್ಲೇ ಅವಳ ಒಂದು ಮಳೆಗಾಲ ಕಳೆದಿತ್ತು.

ಕಂಪ್ಯೂಟರಿನ ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿದವು. ಅದು ಮೊದಲಿಂದಲೂ ಏನಾದರೂ ಗೊಣಗದೆ ಏಳುತ್ತಿರಲಿಲ್ಲ. ಗಂಡನ ಹಾಗೇ ಅಂದುಕೊಂಡು ಅವಳು ಅದನ್ನು ಎಂದೂ ಓದಿರಲಿಲ್ಲ. ಆದರೆ ಈ ಸಲ ಗೊಣಗಾಟ ಮುಗಿದ ಮೇಲೆ ಏಳಲೂ ಇಲ್ಲ. ಕೊನೆಯ ಸಾಲಿಗೆ ನಿಂತುಬಿಟ್ಟಿತು. ಅವಳು ಕನ್ನಡಕ ಏರಿಸಿ ಕೂಡಿಸಿ ಕೂಡಿಸಿ ಓದಿದಳು. ಡಿಸ್ಕ್ ಸಿಗಲಿಲ್ಲ, ಡಿಸ್ಕ್ ಹಾಕಿ ಯಾವುದಾದರೂ ಗುಂಡಿ ಒತ್ತಿ, ಎಂದು ಬರೆದಿತ್ತು. ಒತ್ತಿದಳು. ಮತ್ತೆ ಅದೇ ಸಾಲು. ಆರಿಸಿ ಹಾಕಿದಳು. ಅದೇ ಸಾಲು.

ಟಕಟಕ ಕೇಳದೆ ಗಂಡ ಕಿಂಡಿಯಲ್ಲಿ ಮುಖ ತೂರಿಸಿದ. “ಇವಳೇ, ಏನು ಸದ್ದೇ ಇಲ್ಲ?”

“ಡಿಸ್ಕೇ ಇಲ್ಲವಂತೆ.”

“ಎಲ್ಲಿಗೆ ಹೋಯ್ತು?”

“ಪೇಟೆಗೆ ಹೋಗಿದೆ, ಬರುತ್ತೆ. ಕೇಳೋದು ನೋಡಿ.”

ಕ್ಷೌರದಂಗಡಿಯಲ್ಲಿ ಒಬ್ಬರಿಗೆ ಕಷ್ಟ ಬಂದರೆ ಪರಿಹಾರಕ್ಕೆ ಬರವೇ? ಬೆಂಚಿನ ಮೇಲೆ ಕಾಯುತ್ತಿದ್ದ ಒಬ್ಬರು, ಪಕ್ಕಕ್ಕೆ ಮೆಲ್ಲಗೆ ಒಂದು ಏಟು ಕೊಡಿ, ಸರಿಹೋಗುತ್ತೆ ಎಂದರು. ನಿವೃತ್ತ ಅಂಚೆಯಣ್ಣ, ಧೂಳು ಹಿಡಿದಿರುತ್ತೆ, ಒಳಗೆ ಗುಡಿಸಿ ಎಂದ. ಗಂಡ ಕೂಡಲೇ ಕಿಂಡಿಯಿಂದ ಬ್ರಷ್ ದಾಟಿಸಿದ. ಹೆಸರಮ್ಮ ಮುಚ್ಚಳ ಬಿಚ್ಚಿ ಒಳಗೆಲ್ಲ ಕೊಡವಿದಳು. ಅದು ಗಿರಾಕಿಗಳ ಕುತ್ತಿಗೆಗೆ ಪೌಡರ್ ಬಳಿಯುವ ಬ್ರಷ್ ಎಂದು ಅವಳಿಗೆ ನೆನಪಾಗುವಷ್ಟರಲ್ಲಿ ಬಿಳಿಯ ಮೋಡವೊಂದು ಎದ್ದು, ಕಂಪ್ಯೂಟರ್ ಆಗಷ್ಟೇ ಗಡ್ಡ ಮಾಡಿಸಿಕೊಂಡ ಮದುಮಗನಂತೆ ಘಮಘಮಿಸತೊಡಗಿತು. ಡಿಸ್ಕ್ ಮಾತ್ರ ಕಾಣಲಿಲ್ಲ.

ಆಗ ಕುರ್ಚಿಯಲ್ಲಿದ್ದ ಬ್ಯಾಂಡ್ ಮಾಸ್ತರರು ಅರ್ಧ ಮುಖಕ್ಕೆ ನೊರೆ ಇರುವಂತೆಯೇ ಎದ್ದು ಬಂದರು. ಕೋಟುಗಳು ಅವರವೇ ಆದ್ದರಿಂದ ಅವರಿಗೆ ಆತುರ. “ನಮ್ಮ ಕ್ಲಾರಿನೆಟ್ಟಿನವನ ಮನೇಲೂ ಹೀಗೇ ಆಗಿತ್ತಮ್ಮ. ಡಿಸ್ಕಿನ ಹಿಂದೆ ಸಣ್ಣ ಲೋಹದ ಸೂಜಿಗಳ ಮೇಲೆ ಒಂದು ಚಿಕ್ಕ ಪ್ಲಾಸ್ಟಿಕ್ ಚೂರು ಇರುತ್ತೆ ನೋಡಿ. ಅದನ್ನ ಕಿತ್ತು ಪಕ್ಕದ ಸೂಜಿಗೆ ಹಾಕಿದ್ರು, ತಕ್ಷಣ ಬಂತು.” ಹೆಸರಮ್ಮ ದಾರ ಕೀಳುವ ಚಿಮುಟದಿಂದ ಆ ಚೂರನ್ನು ಕಿತ್ತು ಪಕ್ಕಕ್ಕೆ ಹಾಕಿದಳು. ಏನೂ ಬರಲಿಲ್ಲ. “ಅವನದ್ದು ಬೇರೆ ಥರದ್ದಿರಬೇಕು” ಎಂದು ಮಾಸ್ತರರು ನೊರೆ ಒರೆಸಿಕೊಳ್ಳುತ್ತ ಕುರ್ಚಿಗೆ ವಾಪಸಾದರು.

ಇನ್ನು ಇದು ನಮ್ಮ ಕೈಲಾಗುವುದಲ್ಲ ಎಂದು ಗಂಡನಿಗೆ ಅನ್ನಿಸಿತು. ಹೆಂಡತಿಯ ಮುಖ ನೋಡಿದ. ತಮ್ಮನಿಗೆ ಫೋನ್ ಮಾಡು ಎಂದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಅವನು ಹೇಳಲಿಲ್ಲ, ಅಂಗಡಿಯ ಹಿಂದಿನ ನಲ್ಲಿಯ ಹತ್ತಿರ ಹೋಗಿ ತಾನೇ ಮಾಡಿದ. ಸ್ವಲ್ಪ ಹೊತ್ತಿಗೆ ಕಿಂಡಿಯಲ್ಲಿ ಅವನ ಮುಖ ಮತ್ತೆ ಕಾಣಿಸಿಕೊಂಡಿತು. ಒಂದು ಕಿವಿ ಮಾತ್ರ ಗೋಡೆಯ ಆಚೆಗೇ ಉಳಿದಿತ್ತು.

“ಇವಳೇ, ಇಲ್ಲೊಬ್ಬ ಗಿರಾಕಿಗೆ ಕಂಪ್ಯೂಟರ್ ವಿಷಯ ಚೆನ್ನಾಗಿ ಗೊತ್ತಂತೆ. ಡಿಸ್ಕ್ ತಿರುಗೋ ಸದ್ದು ಬರ್ತಿದೆಯಾ ಅಂತ ಕೇಳ್ತಿದಾರೆ.”

ಅವಳು ಕಿವಿಯಿಟ್ಟು ಕೇಳಿದಳು. “ಗುಂಯ್ ಅಂತಿದೆ.”

ಗಂಡ ಮುಖ ತಿರುಗಿಸಿ ಏನೋ ಪಿಸುಗುಟ್ಟಿ, ಮತ್ತೆ ಇತ್ತ ತಿರುಗಿದ. “ಹಾಗಾದ್ರೆ ಸತ್ತಿಲ್ಲವಂತೆ. ಗಾಬರಿ ಬೇಡವಂತೆ. ಈಗ ಪ್ಲಗ್ ಕಿತ್ತು, ಆ ಅಗಲವಾದ ಬೂದು ವೈರ್ ಎರಡೂ ತುದೀಲಿ ಸರಿಯಾಗಿ ಕೂತಿದೆಯಾ ನೋಡಬೇಕಂತೆ. ಕೆಂಪು ದಾರ ಕಟ್ಟಿರೋ ಕಡೆ ಹಿಡಿದು ಎಳೀಬೇಡ, ತುದಿಯ ಪ್ಲಾಸ್ಟಿಕ್ ಹಿಡಿದೇ ತೆಗಿ ಅಂತ.”

ಹೆಸರಮ್ಮನ ಕೈ ನಿಂತಿತು. ಬೂದು ವೈರು ಫ್ಯಾನಿಗೆ ಸಿಕ್ಕಿಕೊಳ್ಳದಂತೆ ಅದನ್ನು ಒಂದು ಪಕ್ಕಕ್ಕೆ ಕೆಂಪು ದಾರದಿಂದ ಕಟ್ಟಲಾಗಿತ್ತು. ಅವಳದೇ ಉಂಡೆಯ ದಾರ, ಕಟ್ಟಿದವನು ತಮ್ಮ. ಅದು ಅಲ್ಲಿರುವುದು ಅವನೊಬ್ಬನಿಗೆ ಬಿಟ್ಟರೆ ಈ ಭೂಮಿಯ ಮೇಲೆ ಇನ್ನಾವ ಗಿರಾಕಿಗೂ ಗೊತ್ತಿರಲು ಸಾಧ್ಯವಿರಲಿಲ್ಲ.

ಮೊದಲು ಬಂದದ್ದು ಸಿಟ್ಟು. ಇಬ್ಬರೂ ಸೇರಿ ತನ್ನನ್ನು ಎಳೆ ಮಗು ಮಾಡಿದ್ದಾರಲ್ಲ ಎಂದು. ಆದರೆ ಆ ಸಿಟ್ಟು ಗಂಟಲಿಗೆ ಬರುವಷ್ಟರಲ್ಲಿ ಎಲ್ಲೋ ಮೆತ್ತಗಾಗಿತ್ತು. ಅಷ್ಟು ವರ್ಷದ ಹಿಂದೆ ಕಟ್ಟಿದ ಗಂಟು ಇವನಿಗೆ ಇನ್ನೂ ನೆನಪಿದೆಯಲ್ಲ ಎಂದುಕೊಂಡಳು. ಏನೂ ಗೊತ್ತಿಲ್ಲದವಳಂತೆ ವೈರು ಬಿಚ್ಚಿ, ಒತ್ತಿ ಕೂರಿಸಿ, ಪ್ಲಗ್ ಹಾಕಿ ನೋಡಿ, “ಕೂರಿಸಿದೆ. ಆದರೂ ಇಲ್ಲ. ಇನ್ನೇನು ಅಂತಾರೆ ನಿಮ್ಮ ಗಿರಾಕಿ?” ಎಂದಳು.

“ಮೊದಲ ಪರದೆಯಲ್ಲಿ ತಾರೀಖು ಏನು ತೋರಿಸ್ತಿದೆ ಅಂತ.”

ಅವಳು ಓದಿ ಲೆಕ್ಕ ಹಾಕಿದಳು. “ಕಂಪ್ಯೂಟರಿನ ಪ್ರಕಾರ ನಮಗಿನ್ನೂ ಮದುವೇನೇ ಆಗಿಲ್ಲ.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಗಂಡ ಮುಖ ಅತ್ತ ತಿರುಗಿಸಿ ಮತ್ತೆ ಇತ್ತ ತಂದು, “ಹಾಗಿದ್ರೆ ಇನ್ನೊಂದು ಸಲ ಯೋಚನೆ ಮಾಡಬಹುದು ಅಂತ” ಎಂದ.

“ಅದು ಗಿರಾಕಿ ಹೇಳಿದ್ದಾ, ನೀವು ಹೇಳಿದ್ದಾ?”

ಗಂಡ ಆ ಪ್ರಶ್ನೆಯನ್ನು ದಾಟಿಸಲಿಲ್ಲ. ತಾರೀಖು ಹಿಂದಕ್ಕೆ ಹೋಗಿದ್ದರೆ ಒಳಗೆ ನೆನಪು ಕಾಯುವ ಬಿಲ್ಲೆ ಬ್ಯಾಟರಿ ಖಾಲಿಯಾಗಿದೆ. ಮೇನ್ ಆರಿಸಿಟ್ಟಿದ್ದಾಗ ಕಂಪ್ಯೂಟರ್ ಎಲ್ಲವನ್ನೂ ಮರೆತಿದೆ. ತನಗೊಂದು ಡಿಸ್ಕ್ ಇತ್ತೆಂಬುದೂ ಅದರಲ್ಲಿ ಸೇರಿದೆ. ಇಷ್ಟನ್ನು ಅವನು ತುಂಡು ತುಂಡಾಗಿ, ನಡುನಡುವೆ ಮಾಸ್ತರರ ಕಿವಿಯ ಹಿಂದಿನ ಕೂದಲು ಕತ್ತರಿಸುತ್ತ ಹೇಳಿದ.

ಹೆಸರಮ್ಮ ಬ್ಯಾಟರಿ ಕಿತ್ತುಕೊಂಡು ಬೀದಿಯ ತಿರುವಿನ ಗಡಿಯಾರದಂಗಡಿಗೆ ನಡೆದಳು. ಗಡಿಯಾರದವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಕೇಳಿದ. “ಇದು ಯಾವ ವಾಚಿಗಮ್ಮ?”

“ವಾಚಿಗಲ್ಲ, ಕಂಪ್ಯೂಟರಿಗೆ.”

“ಅದಕ್ಕೂ ಟೈಮ್ ನೋಡೋ ಚಿಂತೆನಾ? ನಮ್ಮ ಬೀದೀಲಿ ಯಾರಿಗೂ ಇಲ್ಲದ್ದು.”

ಅವಳು ಹೊಸ ಬಿಲ್ಲೆ ತಂದು ಹಾಕಿದಳು. ಗಿರಾಕಿ ಹೇಳಿದಂತೆ, ಕಂಪ್ಯೂಟರ್ ಏಳುವಾಗಲೇ ಒಂದು ಗುಂಡಿ ಒತ್ತಿ ಹಿಡಿದು ನೀಲಿ ಬಣ್ಣದ ಪುಟಕ್ಕೆ ಹೋದಳು. ಅಲ್ಲಿ ಡಿಸ್ಕಿನ ಮುಂದೆ ‘ಇಲ್ಲ’ ಎಂದೇ ಬರೆದಿತ್ತು. ಕಣ್ಣೆದುರು ಗುಂಯ್‌ಗುಟ್ಟುತ್ತಿರುವುದನ್ನು ಇಲ್ಲ ಎನ್ನುವ ಧೈರ್ಯ ನೋಡಿ ಅವಳಿಗೇ ನಗು ಬಂತು. ‘ಇಲ್ಲ’ವನ್ನು, ತಾನೇ ಹುಡುಕು ಎನ್ನುವ ‘ಆಟೋ’ ಮಾಡಿ, ತಾರೀಖು ತಿದ್ದಿ, ತನ್ನ ಮದುವೆಯನ್ನು ಮತ್ತೆ ಜಾರಿಗೆ ತಂದಳು. ಉಳಿಸಿ ಹೊರಬಂದಳು. ಈ ಸಲ ಕಂಪ್ಯೂಟರ್ ತುಸು ಹೊತ್ತು ಹುಡುಕಿತು. ಹುಡುಕಿ ಹುಡುಕಿ, ಸಿಗಲಿಲ್ಲ ಎಂದಿತು.

ಹೆಸರಮ್ಮ ಸ್ಟೂಲಿನ ಮೇಲೆ ಕೂತು ಕೋಟುಗಳ ರಾಶಿ ನೋಡಿದಳು. ಆ ಎಲೆಗಳನ್ನೆಲ್ಲ ಮತ್ತೆ ಒಂದೊಂದಾಗಿ ಬಿಡಿಸಬೇಕೇ? ದನಿ ಸಣ್ಣದಾಗಿ ಹೋಯಿತು. “ಬರಲಿಲ್ಲ ಅಂತ ಹೇಳಿ ಅವರಿಗೆ.”

ಅತ್ತ ಕಡೆ ಪಿಸುಮಾತು ಉದ್ದವಾಯಿತು. ಆಮೇಲೆ ಗಂಡ ಕೇಳಿದ. “ಡಿಸ್ಕಿನ ಹಿಂದಿನ ಚೂರಿಗೆ ಯಾರಾದ್ರೂ ಕೈ ಹಾಕಿದ್ರಾ ಅಂತ.”

ಕುರ್ಚಿಯಿಂದ ಮಾಸ್ತರರು ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು.

“ಹಾಕಿದ್ವಿ” ಎಂದಳು ಹೆಸರಮ್ಮ, ಹಿರಿಯರ ಮರ್ಯಾದೆಗೆ ತನ್ನನ್ನೂ ಸೇರಿಸಿಕೊಂಡು.

“ಹಾಗಾದ್ರೆ ಅದೇ. ಡಿಸ್ಕು, ಸಿ.ಡಿ. ಹಾಕೋ ಪೆಟ್ಟಿಗೆ ಎರಡೂ ಒಂದೇ ವೈರಿನ ಮೇಲಿವೆ. ಒಬ್ಬ ಯಜಮಾನ, ಇನ್ನೊಬ್ಬ ಸಹಾಯಕ ಅಂತ ಇರಬೇಕಂತೆ. ಯಾರು ಯಾವುದು ಅಂತ ಹೇಳೋದು ಆ ಚೂರು. ಈಗ ಅದನ್ನ ಪಕ್ಕಕ್ಕೆ ಹಾಕಿದ್ದರಿಂದ ಇಬ್ಬರೂ ಸಹಾಯಕರೇ ಆಗಿದಾರೆ. ಇನ್ನೊಬ್ಬ ಮೊದಲು ಬಾಯಿ ಬಿಡಲಿ ಅಂತ ಇಬ್ಬರೂ ಕಾಯ್ತಾ ಕೂತಿದಾರಂತೆ.”

ಹೆಸರಮ್ಮ ಬೆರಳಿನಿಂದ ಮೇಜಿನ ಮೇಲಿನ ಪೌಡರ್ ಒರೆಸಿದಳು. ಆಮೇಲೆ ಕೇಳಿದಳು. “ಎಷ್ಟು ದಿನ ಹಾಗೇ ಕೂತಿರ್ತಾರಂತೆ?”

ಗಂಡ ಅದನ್ನು ದಾಟಿಸಿದ. ಅತ್ತಲಿಂದ ಬಂದ ಉತ್ತರವನ್ನು ಇತ್ತ ತಂದ. “ಯಾರಾದ್ರೂ ಮಧ್ಯೆ ಬಂದು ಸರಿ ಮಾಡೋ ತನಕ ಕೂತಿರ್ತಾರಂತೆ. ಇಬ್ಬರೂ ಹಟದವರಂತೆ.”

ಡಿಸ್ಕಿನ ಮೈಮೇಲಿನ ಚೀಟಿಯಲ್ಲಿ ಸೂಜಿಗಳ ಸಣ್ಣ ಚಿತ್ರವಿತ್ತು. ಯಜಮಾನನಿಗೆ ಯಾವ ಸೂಜಿ ಎಂದು ಅದರಲ್ಲಿ ನೋಡಿಕೊಂಡು ಹೆಸರಮ್ಮ ಚಿಮುಟದಿಂದ ಚೂರನ್ನು ಸ್ವಸ್ಥಾನಕ್ಕೆ ಸೇರಿಸಿದಳು. ಪ್ಲಗ್ ಹಾಕಿ ಗುಂಡಿ ಒತ್ತಿದಳು. ಬಿಳಿ ಅಕ್ಷರಗಳು ಓಡಿದವು. ಡಿಸ್ಕಿನ ಹೆಸರು ಬಂತು, ಅದರ ಕೆಳಗೆ ಸಿ.ಡಿ. ಪೆಟ್ಟಿಗೆಯ ಹೆಸರೂ ಬಂತು. ಪರದೆ ಬೆಳಗಿತು. ತುತ್ತೂರಿಯ ಚಿತ್ರ ತೆಗೆದು ನೋಡಿದಳು. ಒಂದು ಎಲೆಯೂ ಉದುರಿರಲಿಲ್ಲ.

“ಬಂತು” ಎಂದಳು. ಗೋಡೆಯ ಆಚೆ ಮಾಸ್ತರರು ಎಲ್ಲರಿಗಿಂತ ಮೊದಲು “ನಾನು ಹೇಳಿದ್ನಲ್ಲ, ಆ ಚೂರೇ ಅಂತ” ಎಂದರು.

ಹೆಸರಮ್ಮ ಕಿಂಡಿಯ ಹತ್ತಿರ ಬಂದು ಗಂಡನ ಮುಖವನ್ನೇ ನೋಡುತ್ತ, “ಒಂದು ಮಾತು ಕೇಳಿ ನಿಮ್ಮ ಗಿರಾಕಿನ. ಬೆನ್ನುನೋವು ಕಡಿಮೆ ಆಯ್ತಾ ಅಂತ. ಬೆಲ್ಟ್ ಹಾಕ್ಕೊಳ್ಳೋಕೆ ಡಾಕ್ಟರು ಹೇಳಿದ್ರೂ ಹಾಕ್ಕೊಳ್ತಿಲ್ಲವಂತೆ, ಅಮ್ಮ ಹೇಳ್ತಿದ್ರು” ಎಂದಳು.

ಕತ್ತರಿಯ ಸದ್ದು ನಿಂತಿತು. ಗಂಡ ಸಿಕ್ಕಿಬಿದ್ದ ಬೆಕ್ಕಿನಂತೆ ಕಣ್ಣು ಮಿಟುಕಿಸಿದ. ಫೋನನ್ನೇ ಕಿಂಡಿಯಿಂದ ದಾಟಿಸಿಬಿಟ್ಟ.

“ಯಾವಾಗ ಗೊತ್ತಾಯ್ತು ಅಕ್ಕಾ?” ಎಂದ ತಮ್ಮ.

“ನಿಮ್ಮ ಭಾವನಿಗೆ ಸುಳ್ಳು ಹೇಳೋಕೆ ಬರುತ್ತಾ? ಬೆಲ್ಟ್ ಯಾಕೆ ಹಾಕ್ಕೊಳ್ತಿಲ್ಲ ನೀನು?”

“ಸೆಕೆ ಆಗುತ್ತೆ.”

“ಆಮೇಲೆ ಲಿಫ್ಟಿನ ಕೆಳಗಿನ ಹೊಂಡದಲ್ಲಿ ಬಗ್ಗಿದೋನು ಬಗ್ಗಿದ ಹಾಗೇ ಉಳಿದ್ರೆ ನಿನ್ನನ್ನ ಮೇಲೆತ್ತೋರು ಯಾರು?”

ಒಂದು ವರ್ಷದಿಂದ ಕೂಡಿಟ್ಟ ಬೈಗುಳ ಇದ್ದವಲ್ಲ, ಅವನ್ನೆಲ್ಲ ಹೆಸರಮ್ಮ ನಿಂತ ಕಾಲಲ್ಲೇ ಖರ್ಚು ಮಾಡಿದಳು. ಅವನು ಹೂಂ ಹೂಂ ಎಂದು ಕೇಳಿಸಿಕೊಂಡ. ಫೋನ್ ವಾಪಸು ಕೊಡುವಾಗ ಅವಳ ಕಣ್ಣು ಒದ್ದೆಯಾಗಿತ್ತು. ಪೌಡರ್ ಬಿದ್ದಿದೆ ಎಂದಳು. ಗಂಡ ನಂಬಿದವನಂತೆ ತಲೆಯಾಡಿಸಿದ.

ಆ ಭಾನುವಾರ ತಮ್ಮ ಬಸ್ಸು ಹತ್ತಿ ಬಂದ. ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಇನ್ನೊಂದಕ್ಕೆ ನಕಲು ಮಾಡಿಡಬೇಕು ಎಂದು ಎಲ್ಲಿಂದಲೋ ಒಂದು ದೊಡ್ಡ ಡಿಸ್ಕ್ ತಂದಿದ್ದ. ಅಕ್ಕನ ಮುಂದೆ ಅಂಗಿಯ ತೋಳು ಮಡಚಿಕೊಂಡು, ಗಳಿಗೆಯ ಕೆಲಸ ಎಂದು ಹೇಳಿ, ಸಿ.ಡಿ. ಪೆಟ್ಟಿಗೆಯ ಜಾಗದಲ್ಲಿ ಅದನ್ನು ಜೋಡಿಸಿದ. ಕಂಪ್ಯೂಟರ್ ಹಳೆಯದನ್ನು ಗುರುತಿಸಿತು, ಹೊಸದರ ಹತ್ತಿರ ಬಂದು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟಿತು. ಮತ್ತೆ ಜೋಡಿಸಿದ. ಮತ್ತೆ ನಿಂತಿತು. ಬೆನ್ನು ಹಿಡಿದುಕೊಂಡು ನೆಲದ ಮೇಲೆ ಕೂತು ಚಿಂತಿಸತೊಡಗಿದ.

ಹೆಸರಮ್ಮ ಬೇಕೆಂದೇ ಕಿಂಡಿಯ ಕಡೆ ತಿರುಗಿ, “ರೀ, ನಿಮ್ಮಂಗಡೀಲಿ ಕಂಪ್ಯೂಟರ್ ಗೊತ್ತಿರೋ ಗಿರಾಕಿ ಯಾರಾದ್ರೂ ಇದಾರಾ ನೋಡಿ. ಇಲ್ಲೊಬ್ಬ ಮೆಕ್ಯಾನಿಕ್ ಸಿಕ್ಕಿಹಾಕ್ಕೊಂಡಿದಾನೆ” ಎಂದಳು.

“ಮಾಸ್ತರರನ್ನ ಕಳಿಸ್ಲಾ?”

“ಬೇಡ ಭಾವ” ಎಂದ ತಮ್ಮ ಗಾಬರಿಯಿಂದ. ತಲೆ ಕೆರೆದುಕೊಳ್ಳುತ್ತಿದ್ದವನಿಗೆ ಆಮೇಲೆ ಹೊಳೆಯಿತು. ಈ ಕಂಪ್ಯೂಟರ್ ಹುಟ್ಟಿದ ಕಾಲದಲ್ಲಿ ಇಷ್ಟು ದೊಡ್ಡ ಡಿಸ್ಕುಗಳೇ ಇರಲಿಲ್ಲ. ಅದರ ಗಾತ್ರ ಕಂಡೇ ಇದು ಕಕ್ಕಾಬಿಕ್ಕಿಯಾಗಿತ್ತು. ಆ ಡಿಸ್ಕಿನ ಹಿಂದೆಯೂ ಸೂಜಿಗಳಿದ್ದವು. ಇನ್ನೊಂದು ಚೂರನ್ನು ಸರಿಯಾದ ಜಾಗಕ್ಕೆ ಹಾಕಿದರೆ ದೊಡ್ಡ ಡಿಸ್ಕು ತಾನು ಚಿಕ್ಕದು ಎಂದು ಹೇಳಿಕೊಳ್ಳುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜಾಗ ವ್ಯರ್ಥ; ಆದರೆ ಕಸೂತಿಯ ಎಲೆ ಬಳ್ಳಿಗಳಿಗೆ ಉಳಿದದ್ದೇ ಧಾರಾಳ. ಅವನು ಚೂರು ಹಾಕಿದ, ಕಂಪ್ಯೂಟರ್ ಒಪ್ಪಿಕೊಂಡಿತು.

ನಕಲು ನಿಧಾನವಾಗಿ ನಡೆಯಿತು. ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯಂತೆ ಸರಿಯುತ್ತಿತ್ತು. ಅದು ಮುಗಿಯುವ ತನಕ ಅಕ್ಕ ತಮ್ಮ ಕೋಟುಗಳ ಗುಂಡಿ ಹಾಕುತ್ತ, ಮಡಚುತ್ತ ಕೂತರು. ಹೊಲಿಗೆ ಮುಗಿದ ಕೋಟೊಂದನ್ನು ಬೆಳಕಿಗೆ ಹಿಡಿದು ಅವನು, “ತುತ್ತೂರಿ ಚೆನ್ನಾಗಿ ಬಂದಿದೆ” ಎಂದ. ಅವಳು ಎಲೆಗಳನ್ನು ನೋಡು ಎಂದಳು. ಅವನು ನೋಡಿ, ಎಲೆಯೂ ಚೆನ್ನಾಗಿದೆ ಎಂದ ಮೇಲೆಯೇ ಅವಳಿಗೆ ಸಮಾಧಾನ.

ಸಂಜೆ ಬಸ್ ನಿಲ್ದಾಣಕ್ಕೆ ಮೂವರೂ ನಡೆದು ಹೋದರು. ದಾರಿಯಲ್ಲಿ ತಮ್ಮ ಮೆಲ್ಲಗೆ ಮಾತು ತೆಗೆದ. “ಅಕ್ಕಾ, ಸಿಟ್ಟಾಗಬೇಡ. ಮುಂದಿನ ವರ್ಷ ಹೊಸ ಕಂಪ್ಯೂಟರೊಂದು ತಗೋ. ನಾನೇ ಬಂದು ಎಲ್ಲಾ ಅದಕ್ಕೆ ಹಾಕಿಕೊಡ್ತೀನಿ.”

“ನೋಡೋಣ” ಎಂದಳು ಹೆಸರಮ್ಮ.

“ಅವಳು ನೋಡೋಣ ಅಂದ್ರೆ ಇಲ್ಲ ಅಂತ ಕಣೋ” ಎಂದ ಗಂಡ.

“ನೀವು ಸುಮ್ಮನಿರಿ. ನೋಡೋಣ ಅಂದ್ರೆ ನೋಡೋಣ ಅಂತಲೇ.”

ಬಸ್ಸು ಬಂತು. ತಮ್ಮ ಕಿಟಕಿಯ ಪಕ್ಕ ಸೀಟು ಹಿಡಿದು, ಹೊಸದಕ್ಕೆ ಯಾವ ಬಣ್ಣ ಬೇಕು ಎಂದು ಹೊರಗೆ ತಲೆ ಹಾಕಿ ಕೇಳಿದ. ಅವಳು ತಲೆ ಒಳಗೆ ಹಾಕು ಎಂದು ಗದರಿದಳು. ಬಸ್ಸು ಹೊರಟ ಮೇಲೆ, ಬೂದು ಬಣ್ಣದ್ದು ಬೇಗ ಕೊಳೆಯಾಗುವುದಿಲ್ಲ ಅಲ್ಲವೇ ಎಂದು ಗಂಡನನ್ನು ಕೇಳಿದಳು.